ಬಣ್ಣ ನಿಲ್ಲಿಸುವ ವಿದ್ಯೆಯೂ ಕೊಂಡಿಗೂಡಿದ ಅಣುಗಳೂ

ವರ್ಣದ್ರವ್ಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಹೊಸ ಬಣ್ಣಗಳು ಹುಟ್ಟಿಬಂದ ವೃತ್ತಾಂತವನ್ನೇ ಹೇಳಿರುವರು. ೧೮೫೬ರಲ್ಲಿ ಪರ್ಕಿನ್ನನು ಅನಿಲೀನಿನಿಂದ ಊದಾ ಬಣ್ಣವನ್ನು ಪಡೆದುದು, ೧೮೬೮ರಲ್ಲಿ ಗ್ರೇಬೆ ಮತ್ತು ಲೀಬರ್‌ಮನ್ ಎಂಬವರು ಅಲಿಜರಿನನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದುದು, ೧೮೯೭ರಲ್ಲಿ ಕೃತಕ ನೀಲಿಯು ಮಾರುಕಟ್ಟೆಗೆ ಬಂದುದು, ಇವು ಆ ವೃತ್ತಾಂತದ ಪ್ರಸಿದ್ಧ ಘಟ್ಟಗಳು. ಆದರೆ ಬಟ್ಟೆಗೆ ಬಣ್ಣ ಹಾಕುವವನ ನಿಜವಾದ ಕಷ್ಟ ಬೇರೆ. ಬಣ್ಣವನ್ನು ಪಡೆಯುವುದು ಅರ್ಧ ಕೆಲಸ; ಪಡೆದ ಬಣ್ಣ ಒಗೆತಕ್ಕೂ ಬಿಸಿಲಿಗೂ ನಿಲ್ಲುವಂತೆ ಮಾಡುವುದು ಉಳಿದರ್ಧ, ಮತ್ತು ಕಷ್ಟತರವಾದ ಅರ್ಧ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಸಾಯನಶಾಸ್ತ್ರಜ್ಞರು ಬಳೆಯೊಳಗೆ ಬಳೆಯನ್ನೂ ಬಳೆಯೊಳಗೆ ದಾರವನ್ನೂ ಸಿಕ್ಕಿಸಿ ವಿಚಿತ್ರವಾದ ಅಣುಗಳನ್ನು ಕಟ್ಟಿದರು. ಆ ಅಣುಗಳ ಚರಿತ್ರೆಯನ್ನು ಈ ಎರಡನೆಯ ಅರ್ಧದ ಮುಂದುವರಿಕೆಯೆಂದು ಓದಬಹುದೆಂಬುದು ಈ ಲೇಖನದ ವಾದ. ಅಲ್ಲಿ ವರ್ಣದ್ರವ್ಯಗಳು ಅಲಂಕಾರಕ್ಕೆಂದು ಬಂದವುಗಳಲ್ಲ. ಹಲವು ಸಂದರ್ಭಗಳಲ್ಲಿ ದಾರಿ ತೋರಿದವು ಅವೇ.

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯನ್ನೂ ಸುತ್ತಣ ಸಿರಾ, ಪಾವಗಡಗಳ ಬಯಲನ್ನೂ ಬಲ್ಲ ವಾಚಕರಿಗೆ ಕುರುಬರ ಕರಿಯ ಕಂಬಳಿ ಪರಿಚಿತವಾದುದೇ. ಆ ಕಪ್ಪು ಬಣ್ಣಗಾರನು ಕೊಟ್ಟದ್ದಲ್ಲ, ಕುರಿಯು ಕೊಟ್ಟದ್ದು. ಮೆಲನಿನ್ ಎಂಬ ದ್ರವ್ಯದ ಸೂಕ್ಷ್ಮ ಕಣಗಳು ಉಣ್ಣೆಯ ಎಳೆ ಬೆಳೆಯುವಾಗಲೇ ಅದರ ಒಡಲಿನೊಳಗೆ ಸೇರಿಕೊಳ್ಳುವುವು. ಹೊರಗಿನಿಂದ ಹತ್ತಿದುದಲ್ಲವಾದುದರಿಂದ ನೀರು ಅದನ್ನು ತೊಳೆದುಹಾಕಲಾರದು. ಬಿಸಿಲಿಗೆ ಎಳೆಯ ತುದಿ ಕೊಂಚ ಕೆಂಚಾಗುವುದುಂಟು, ಅಷ್ಟೆ. ಹತ್ತಿಯ ನೂಲಿಗೆ ಈ ಭಾಗ್ಯವಿಲ್ಲ. ಅದರ ಬಿಳುಪಿನ ಮೇಲೆ ಬಣ್ಣವನ್ನು ಮನುಷ್ಯನೇ ತಂದು ನಿಲ್ಲಿಸಬೇಕು.

ನಿಲ್ಲಿಸುವ ಉಪಾಯಗಳ ವಿಷಯದಲ್ಲಿ ಮೈಸೂರು ಸೀಮೆಗೆ ಸಂಬಂಧಿಸಿದಂತೆ ಫ್ರಾನ್ಸಿಸ್ ಬುಕಾನನ್ನನ ಬರವಣಿಗೆ ಬಹು ಉಪಯುಕ್ತವಾದುದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟ ಈ ವೈದ್ಯನು ಬೆಂಗಳೂರನ್ನು ನೋಡಿದನು. ಮುಂದೆ ಮಧುಗಿರಿ, ಸಿರಾಗಳನ್ನೂ ಹಾದುಹೋದನು. ಅವನ ಪ್ರವಾಸ ಕಥನ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಂಗಳೂರಿನ ಪಟ್ಟೆಗಾರರು ರೇಷ್ಮೆಗೆ ಅರಗಿನ ಕೆಂಪನ್ನು ಹಿಡಿಸುತ್ತಿದ್ದ ಕ್ರಮವೂ ಮಡ್ಡಿಯ ಬೇರಿನ ಕೆಂಪೂ ಅದರಲ್ಲಿ ದಾಖಲೆಯಾಗಿವೆ. ಹೊಸದಾಗಿ ಕೈಗೆ ಬಂದ ನಾಡಿನ ಹುಟ್ಟುವಳಿಯನ್ನು ಲೆಕ್ಕಹಾಕುವುದಕ್ಕಾಗಿ ಬರೆದ ಪುಸ್ತಕವದು. ಆದರೂ ಕೈಕಸುಬಿನ ಬಗ್ಗೆ ಅದರಲ್ಲಿರುವ ತಾಳ್ಮೆ ಮೆಚ್ಚತಕ್ಕದ್ದು.

ಮಡ್ಡಿಯ ಕೆಂಪು ಹತ್ತಿಗೆ ಸುಲಭವಾಗಿ ಹತ್ತುವುದಿಲ್ಲ. ನಮ್ಮ ಬಣ್ಣಗಾರರು ನೂಲನ್ನು ಮೊದಲು ಎಣ್ಣೆಯಲ್ಲಿಯೂ ಚೌಳಿನ ಅಥವಾ ಬೂದಿಯ ನೀರಿನಲ್ಲಿಯೂ ಮತ್ತೆ ಮತ್ತೆ ಅದ್ದಿ ಒಣಗಿಸಿ, ಬಳಿಕ ಪಟಿಕದ ನೀರನ್ನು ಕುಡಿಸಿ, ಆಮೇಲೆ ಬೇರಿನ ಪುಡಿಯೊಡನೆ ಬೇಯಿಸುತ್ತಿದ್ದರು. ದಿನಗಟ್ಟಲೆ ನಡೆಯುತ್ತಿದ್ದ ಈ ಕೆಲಸದ ಅರ್ಥ ಇಂದು ಸ್ಪಷ್ಟವಾಗಿದೆ. ಪಟಿಕದಲ್ಲಿರುವ ಅಲ್ಯೂಮಿನಿಯಮ್ಮಿನ ಅಯಾನು ಒಂದು ಕಡೆ ನೂಲಿಗೆ ಅಂಟಿದ ಎಣ್ಣೆಯ ಆಮ್ಲಗಳನ್ನೂ ಇನ್ನೊಂದು ಕಡೆ ವರ್ಣದ್ರವ್ಯದ ಆಮ್ಲಜನಕ ಪರಮಾಣುಗಳನ್ನೂ ಹಿಡಿದು ನಿಲ್ಲುತ್ತದೆ. ಲೋಹವೇ ಇಲ್ಲಿ ಮಧ್ಯಸ್ಥ. ಇಂಥ ಮಧ್ಯಸ್ಥ ದ್ರವ್ಯವನ್ನು ವರ್ಣಬಂಧಕವೆಂದು ಕರೆಯುವರು. ಎರಡು ಸಾವಯವ ಅಣುಗಳನ್ನು ಒಂದು ಲೋಹದ ಅಯಾನು ತನ್ನ ಸುತ್ತ ಸೇರಿಸಬಲ್ಲುದೆಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದು ಬೇರೊಂದು ವೇಷದಲ್ಲಿ ಬರುತ್ತದೆ.

ನೀಲಿಯ ರೀತಿಯೇ ಬೇರೆ. ನೀಲಿಯು ನೀರಿನಲ್ಲಿ ಕರಗದು. ಹುಳಿಯಿಸಿದ ಬಾನಿಯಲ್ಲಿ ಅಪಕರ್ಷಣಕ್ಕೆ ಒಳಗಾಗಿ ಬಹುಮಟ್ಟಿಗೆ ಬಣ್ಣಗೆಟ್ಟ ರೂಪವನ್ನು ತಾಳಿದಾಗ ಮಾತ್ರ ಅದು ಕರಗುತ್ತದೆ, ನೂಲಿನೊಳಗೆ ಇಳಿಯುತ್ತದೆ. ನೂಲನ್ನು ಮೇಲೆತ್ತಿ ಗಾಳಿಗೆ ಹಿಡಿದೊಡನೆ ಆಮ್ಲಜನಕವನ್ನು ಹೀರಿ ಪುನಃ ನೀಲಿಯಾಗಿ, ಕರಗದ ಕಣವಾಗಿ, ಎಳೆಯ ಒಳಗೆಯೇ ಸಿಕ್ಕಿಬೀಳುತ್ತದೆ. ಇಲ್ಲಿ ನೂಲಿಗೂ ಬಣ್ಣಕ್ಕೂ ನಡುವೆ ಹೇಳಿಕೊಳ್ಳುವಂಥ ರಾಸಾಯನಿಕ ಬಂಧವಿಲ್ಲ. ಒಳಹೊಕ್ಕಾಗಿನ ರೂಪದಲ್ಲಿ ಹೊರಬರಲಾರದೆ ಉಳಿದುದೇ ಅದರ ನಿಲುಗಡೆಗೆ ಕಾರಣ. ಬಂಧಿಸಿ ನಿಲ್ಲಿಸುವುದು ಒಂದು ಉಪಾಯ, ಸಿಕ್ಕಿಸಿ ನಿಲ್ಲಿಸುವುದು ಇನ್ನೊಂದು. ನಮ್ಮ ನೀಲಿಗಾರರಿಗೆ ಈ ಎರಡನೆಯದು ಕೈಗತವಾಗಿತ್ತು.

ಮಡ್ಡಿಯ ಬೇರು ಮುಂಬಯಿಯ ಬಂದರಿನಿಂದ ‘ಸುರಂಜಿ’ ಎಂಬ ಹೆಸರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣಕ್ಕೆ ಹೋಯಿತು. ಅಲ್ಲಿನ ಚೀಟಿ ಅಚ್ಚಿನವರು ತಮ್ಮ ಸಾಮಾನ್ಯ ವರ್ಣಬಂಧಕಗಳೊಡನೆ ಅದನ್ನು ಪರೀಕ್ಷಿಸಿದಾಗ ಬಣ್ಣ ಹಿಡಿಯಲಿಲ್ಲ. ಅದು ನಿರುಪಯುಕ್ತವೆಂದು ಅವರು ತೀರ್ಮಾನಿಸಿದರು. ಥಾಮಸ್ ಆಂಡರ್ಸನ್ ಎಂಬ ರಸಾಯನಶಾಸ್ತ್ರಜ್ಞನು ಈ ಬೇರನ್ನು ಕೈಗೆತ್ತಿಕೊಂಡು ೧೮೪೮-೪೯ರಲ್ಲಿ ಅದರ ವರ್ಣದ್ರವ್ಯವನ್ನು ಬೇರ್ಪಡಿಸಿ ‘ಮೊರಿಂಡಿನ್’ ಎಂದು ಹೆಸರಿಟ್ಟನು. ಎಣ್ಣೆ ಮತ್ತು ಪಟಿಕಗಳಿಂದ ‘ಟರ್ಕಿ ಕೆಂಪಿ’ಗಾಗಿ ಸಿದ್ಧಪಡಿಸಿದ ಬಟ್ಟೆಯ ಮೇಲೆ ಬಣ್ಣ ಹಿಡಿಯಿತೆಂಬುದನ್ನೂ ಅವನೇ ತೋರಿಸಿದನು. ಎಂದರೆ, ಬೆಂಗಳೂರಿನ ಬಣ್ಣಗಾರನ ಎಣ್ಣೆಯ ಸಂಸ್ಕಾರ ವ್ಯರ್ಥಾಚಾರವಾಗಿರಲಿಲ್ಲ. ಬೇರನ್ನು ಮಾತ್ರ ಕೊಂಡು ವಿದ್ಯೆಯನ್ನು ಕೇಳದೆ ಹೋದ ವ್ಯಾಪಾರಿಗೆ ಆದ ನಷ್ಟ ಅವನದೇ.

ಇದೇ ಆಂಡರ್ಸನ್ನನು ಮೂಳೆಯನ್ನು ಒಣ ಬಟ್ಟಿಯಿಳಿಸಿದಾಗ ಬರುವ ದುರ್ಗಂಧದ ಎಣ್ಣೆಯನ್ನು ವರ್ಷಗಟ್ಟಲೆ ಶೋಧಿಸಿ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪಿರಿಡೀನ್ ಎಂಬ ದ್ರವ್ಯವನ್ನು ಕಂಡುಹಿಡಿದನು. ೧೮೬೮ರಲ್ಲಿ ಪಿರಿಡೀನನ್ನು ಸೋಡಿಯಂ ಲೋಹದೊಡನೆ ಕಾಯಿಸಿ, ಎರಡು ಪಿರಿಡೀನ್ ಬಳೆಗಳು ಬೆನ್ನಿಗೆ ಬೆನ್ನು ಕೊಟ್ಟು ಸೇರಿದ ಬೈಪಿರಿಡೀನನ್ನು ಪಡೆದನು. ಅದರ ಸರಿಯಾದ ಸೂತ್ರವನ್ನು ೧೮೮೨ರಲ್ಲಿ ನಿರ್ಣಯಿಸಿದವರು ವೈಡೆಲ್ ಮತ್ತು ರುಸ್ಸೊ. ಅದಕ್ಕೆ ಎರಡು ಮಿಥೈಲ್ ಗುಂಪುಗಳನ್ನು ಸೇರಿಸಿ ಒಂದು ಲವಣವನ್ನೂ ಅವರು ಮಾಡಿದರು. ಅರ್ಧ ಶತಮಾನದ ಮೇಲೆ, ೧೯೩೦ರ ದಶಕದ ಆರಂಭದಲ್ಲಿ, ಮೈಕೇಲಿಸ್ ಎಂಬವನು ಆ ಲವಣವು ಒಂದು ಇಲೆಕ್ಟ್ರಾನನ್ನು ಪಡೆದೊಡನೆ ಗಾಢವಾದ ಊದಾ ನೀಲಿಯಾಗುವುದನ್ನು ಗಮನಿಸಿ ಈ ವರ್ಗಕ್ಕೆ ‘ವಯೊಲೊಜೆನ್’ ಎಂದು ಹೆಸರಿಟ್ಟನು. ಬಟ್ಟೆಯ ಬಣ್ಣವಾಗಿ ಅಲ್ಲ, ಅಪಕರ್ಷಣದ ಸೂಚಕವಾಗಿ ಅದು ಉಪಯೋಗಕ್ಕೆ ಬಂದಿತು. ೧೯೬೨ರಿಂದ ಅದನ್ನೇ ಪ್ಯಾರಾಕ್ವಾಟ್ ಎಂಬ ಹೆಸರಿನಲ್ಲಿ ಕಳೆನಾಶಕವಾಗಿ ಮಾರಲಾಯಿತು. ನಮ್ಮ ರೈತರು ಆ ಹೆಸರನ್ನೂ ಅದರ ಘೋರ ವಿಷವನ್ನೂ ಬಲ್ಲರು. ಮಡ್ಡಿಯ ಕೆಂಪಿನ ಮೊದಲ ರಾಸಾಯನಿಕ ಪರೀಕ್ಷಕನೇ ಕೊಂಡಿಗೂಡಿದ ಅಣುಗಳ ಅತ್ಯಂತ ಪ್ರಸಿದ್ಧ ಬಳೆಗೆ ಬೇಕಾದ ಮೂಲದ್ರವ್ಯವನ್ನೂ ಒದಗಿಸಿದವನು ಎಂಬುದು, ಗ್ರಂಥಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಸಂಗತಿ. ಜೋಡಿಸಿ ನೋಡತಕ್ಕದ್ದು.

ಕೊಂಡಿಗೂಡಿದ ಅಣು ಎಂದರೇನು? ಬಾವಿಯ ಸರಪಳಿಯ ಎರಡು ಕೊಂಡಿಗಳನ್ನು ಭಾವಿಸಿಕೊಳ್ಳಬಹುದು. ಒಂದಕ್ಕೊಂದು ಬೆಸುಗೆಯಿಲ್ಲ, ಆದರೆ ಒಂದನ್ನು ಕತ್ತರಿಸದೆ ಇನ್ನೊಂದನ್ನು ಬಿಡಿಸಲಾಗದು. ಅಣುಗಳಲ್ಲಿ ಇಂಥ ಜೋಡಣೆಗೆ ಲ್ಯಾಟಿನ್ನಿನ ಸರಪಳಿವಾಚಕದಿಂದ ಕೆಟಿನೇನ್ ಎಂಬ ಹೆಸರು ಬಂದಿದೆ. ರೊಟಾಕ್ಸೇನ್ ಎಂಬುದು ಇನ್ನೊಂದು ಬಗೆ. ಎತ್ತಿನ ಬಂಡಿಯ ಅಚ್ಚಿಗೆ ಗಾಲಿ ಸಿಕ್ಕಿಸಿ, ಅದು ಜಾರದಂತೆ ಕಡಾಣಿ ಹೊಡೆಯುವುದನ್ನು ಹಳ್ಳಿಯವರೆಲ್ಲ ಕಂಡಿರುವರು. ದಾರದಂಥ ಅಣುವೇ ಅಚ್ಚು, ಬಳೆಯಂಥ ಅಣುವೇ ಗಾಲಿ, ದಾರದ ಎರಡು ತುದಿಗಳಲ್ಲಿರುವ ದಪ್ಪ ಗುಂಪುಗಳೇ ಕಡಾಣಿ. ಗಾಲಿ ತಿರುಗಬಲ್ಲದು, ಅತ್ತಿತ್ತ ಸರಿಯಬಲ್ಲದು, ಕಳಚಿ ಬೀಳಲಾರದು.

ಹೇಳುವುದು ಸುಲಭ, ಮಾಡುವುದು ಬಹುಕಾಲ ಅಸಾಧ್ಯಪ್ರಾಯವಾಗಿತ್ತು. ಅಣುವಿನ ಬಳೆಯಲ್ಲಿ ದಾರವನ್ನು ಪೋಣಿಸುವ ಸೂಜಿ ಯಾರ ಕೈಯಲ್ಲಿಯೂ ಇರಲಿಲ್ಲ. ೧೯೬೦ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಾಸರ್‌ಮನ್ ಮೊದಲ ಕೆಟಿನೇನನ್ನು ಸಿದ್ಧಪಡಿಸಿದುದು ಕೇವಲ ಸಂಭವನೀಯತೆಯ ಬಲದಿಂದ. ೩೪ ಇಂಗಾಲದ ಪರಮಾಣುಗಳ ಬಳೆಗಳಿರುವ ದ್ರಾವಣದಲ್ಲಿ ಅಷ್ಟೇ ಉದ್ದದ ದಾರಗಳ ತುದಿಗಳನ್ನು ಕೂಡಿಸಿದರೆ, ಎಲ್ಲಿಯೋ ಒಂದು ದಾರ ಬಳೆಯೊಳಗೆ ತೂರಿರುವಾಗಲೇ ಮುಚ್ಚಿಕೊಂಡೀತು ಎಂಬ ಆಸೆ. ಹಾಗೆ ಕೂಡಿದುದು ಅತ್ಯಲ್ಪ. ಅದನ್ನು ಗುರುತಿಸುವುದಕ್ಕಾಗಿ ಬಳೆಯಲ್ಲಿ ಡ್ಯೂಟೀರಿಯಮ್ಮನ್ನು ಸೇರಿಸಿ ಅವಕೆಂಪು ರೋಹಿತದಲ್ಲಿ ಹುಡುಕಬೇಕಾಯಿತು. ೧೯೬೪ರಲ್ಲಿ ಫ್ರೈಬುರ್ಗಿನ ಶಿಲ್ ಮತ್ತು ಲ್ಯೂಟ್ರಿಂಗ್‌ಹೌಸ್ ಹಲವು ಮೆಟ್ಟಿಲುಗಳ ನಿಶ್ಚಿತ ಮಾರ್ಗವೊಂದನ್ನು ಕಟ್ಟಿದರು. ೧೯೬೭ರಲ್ಲಿ ಹ್ಯಾರಿಸನ್ ದ್ವಯರು ಬಳೆಗಳನ್ನು ರಾಳದ ಮಣಿಗಳಿಗೆ ಅಂಟಿಸಿ, ಅವುಗಳ ಮೇಲೆ ದಾರವನ್ನೂ ಕಡಾಣಿಯನ್ನೂ ೭೦ ಬಾರಿ ಹರಿಸಿ, ನೂರಕ್ಕೆ ೬ರಷ್ಟು ರೊಟಾಕ್ಸೇನನ್ನು ಪಡೆದರು. ಎಪ್ಪತ್ತು ಬಾರಿ! ಬಟ್ಟೆಯನ್ನು ಎಣ್ಣೆಯಲ್ಲಿ ಮತ್ತೆ ಮತ್ತೆ ಅದ್ದುತ್ತಿದ್ದ ನಮ್ಮ ಬಣ್ಣಗಾರನಿಗೆ ಈ ತಾಳ್ಮೆ ಅರ್ಥವಾಗುತ್ತಿತ್ತು.

ಹ್ಯಾರಿಸನ್ನರ ಕಡಾಣಿಯು ಟ್ರೈಫೀನೈಲ್‌ಮೀಥೈಲ್ ಗುಂಪು. ಒಂದು ಇಂಗಾಲದ ಸುತ್ತ ಮೂರು ಬೆಂಜೀನ್ ಬಳೆಗಳು ಗಿರಿಗಿಟ್ಟಲೆಯಂತೆ ನಿಂತ ಈ ಅಸ್ಥಿಪಂಜರವೇ ಮಲಕೈಟ್ ಹಸುರು, ಕ್ರಿಸ್ಟಲ್ ವಯೊಲೆಟ್ ಮೊದಲಾದ ವರ್ಣದ್ರವ್ಯಗಳ ಅಸ್ಥಿಪಂಜರವೂ ಹೌದು. ಅವರಿಗೆ ಬೇಕಾದುದು ಅದರ ದಪ್ಪ ಮಾತ್ರ, ಬಣ್ಣವಲ್ಲ. ಆದರೂ ವರ್ಣದ್ರವ್ಯಗಳ ಉಗ್ರಾಣದಿಂದ ಒಂದು ಸಲಕರಣೆ ಅರಿವಿಲ್ಲದೆ ಈ ಕಡೆಗೆ ಬಂದಿತ್ತು.

ದಾರಿ ನಿಜವಾಗಿ ತೆರೆದುದು ೧೯೮೩ರಲ್ಲಿ, ಸ್ಟ್ರಾಸ್‌ಬುರ್ಗಿನ ಝಾನ್-ಪಿಯೆರ್ ಸೊವಾಜ್ ಅವರ ಪ್ರಯೋಗಾಲಯದಲ್ಲಿ. ಸೂರ್ಯನ ಬೆಳಕನ್ನು ಹೀರುವ ಲೋಹಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದ ಅವರಿಗೆ, ತಾಮ್ರದ ಒಂದು ಅಯಾನು ಎರಡು ಫೆನಾಂತ್ರೊಲೀನ್ ಅಣುಗಳನ್ನು ಅಡ್ಡಡ್ಡಲಾಗಿ ಹಿಡಿದು ಗಾಢವಾದ ಕೆಂಪು ಸಂಯುಕ್ತವನ್ನು ಕೊಡುವುದು ಪರಿಚಿತವಾಗಿತ್ತು. ಆ ಎರಡರಲ್ಲಿ ಒಂದು ಬಳೆಯಾಗಿದ್ದು ಇನ್ನೊಂದು ಅರ್ಧಚಂದ್ರಾಕಾರದ ದಾರವಾಗಿದ್ದರೆ, ತಾಮ್ರವೇ ದಾರವನ್ನು ಬಳೆಯೊಳಗೆ ಹಿಡಿದು ನಿಲ್ಲಿಸುತ್ತದೆ. ಉಳಿದುದು ದಾರದ ತುದಿಗಳನ್ನು ಕೂಡಿಸುವುದು ಮಾತ್ರ. ಇಳುವರಿ ನೂರಕ್ಕೆ ೪೨ರವರೆಗೆ ಏರಿತು. ಕೊನೆಗೆ ಸಯನೈಡಿನಿಂದ ತಾಮ್ರವನ್ನು ತೆಗೆದುಹಾಕಿದರೆ ಕೆಂಪು ಹೋಗುತ್ತದೆ, ಕೊಂಡಿ ಉಳಿಯುತ್ತದೆ. ಮಡ್ಡಿಯ ನೂಲಿನಲ್ಲಿ ಅಲ್ಯೂಮಿನಿಯಂ ಮಾಡಿದ ಮಧ್ಯಸ್ಥಿಕೆಯನ್ನೇ ತಾಮ್ರ ಇಲ್ಲಿ ಮಾಡಿದೆ. ಒಂದು ವ್ಯತ್ಯಾಸವೆಂದರೆ ಅಲ್ಲಿ ಮಧ್ಯಸ್ಥನು ಹೊರಟುಹೋದರೆ ಸಂಬಂಧ ಮುರಿಯುತ್ತದೆ, ಇಲ್ಲಿ ಮುರಿಯುವುದಿಲ್ಲ. ಹೀಗೆ ಅಣುಗಳನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸುವ ದ್ರವ್ಯವನ್ನು ಎರಕದ ಅಚ್ಚಿಗೆ ಹೋಲಿಸುವುದು ರೂಢಿ. ಕನ್ನಡದಲ್ಲಿ ಎರಕದ ಅಚ್ಚಿಗೂ ಬಂಡಿಯ ಅಚ್ಚಿಗೂ ಒಂದೇ ಮಾತಿರುವುದು ಈ ವಿಷಯವನ್ನು ಪಾಠ ಹೇಳುವವರಿಗೆ ತೊಡಕೂ ಹೌದು, ವಿನೋದವೂ ಹೌದು.

ಫ್ರೇಸರ್ ಸ್ಟಾಡರ್ಟ್ ಅವರು ಹಿಡಿದ ದಾರಿಯಲ್ಲಿ ಲೋಹವಿಲ್ಲ, ಬಣ್ಣವಿದೆ. ೧೯೭೮ರಿಂದ ಕೆಲಕಾಲ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಾಲಯದಲ್ಲಿದ್ದಾಗ ಅವರ ಗಮನ ಕಳೆನಾಶಕಗಳಾದ ಡೈಕ್ವಾಟ್, ಪ್ಯಾರಾಕ್ವಾಟ್‌ಗಳ ಕಡೆ ಹೋಯಿತು. ಪ್ಯಾರಾಕ್ವಾಟ್ ಇಲೆಕ್ಟ್ರಾನುಗಳಿಗಾಗಿ ಹಸಿದ ಚಪ್ಪಟೆ ಅಣು. ಹೈಡ್ರೊಕ್ವಿನೋನ್ ಮೊದಲಾದವು ಇಲೆಕ್ಟ್ರಾನುಗಳನ್ನು ಧಾರಾಳವಾಗಿ ಕೊಡಬಲ್ಲ ಚಪ್ಪಟೆ ಅಣುಗಳು. ಗ್ರಾಹಿಯೂ ದಾತೃವೂ ಮುಖಾಮುಖಿಯಾಗಿ ಕೂಡಿದೊಡನೆ, ಪ್ರತ್ಯೇಕವಾಗಿ ಬಣ್ಣವಿಲ್ಲದ ಎರಡು ದ್ರಾವಣಗಳು ಬೆರೆತು ಕಿತ್ತಳೆ ಅಥವಾ ಕೆಂಪು ಬಣ್ಣವನ್ನು ತಾಳುವುವು. ಇಲ್ಲಿ ಬಣ್ಣವು ಕೆಲಸದ ಫಲವಲ್ಲ, ಕೆಲಸವಾಯಿತೆಂಬ ಸುದ್ದಿ. ದಾರವು ಬಳೆಯೊಳಗೆ ಹೊಕ್ಕಿದೆಯೇ ಇಲ್ಲವೇ ಎಂಬುದನ್ನು ವಾಸರ್‌ಮನ್ ರೋಹಿತದಲ್ಲಿ ತಡಕಬೇಕಾಗಿತ್ತು. ಸ್ಟಾಡರ್ಟರ ವಿದ್ಯಾರ್ಥಿಗಳು ಗಾಜಿನ ಬುದ್ದಲಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕಾಯಿತು. ೧೯೮೮ರಲ್ಲಿ ಎರಡು ವಯೊಲೊಜೆನ್ ತುಂಡುಗಳನ್ನು ಸೇರಿಸಿ ಚೌಕಾಕಾರದ ಬಳೆಯೊಂದನ್ನು ಅವರು ಕಟ್ಟಿದರು. ಚಿತ್ರಗಳಲ್ಲಿ ಅದನ್ನು ನೀಲಿಯಲ್ಲಿ ಬರೆಯುತ್ತಿದ್ದುದರಿಂದ ‘ನೀಲಿ ಪೆಟ್ಟಿಗೆ’ ಎಂಬ ಹೆಸರು ನಿಂತಿತು. ಆಂಡರ್ಸನ್ನನ ಮೂಳೆಯೆಣ್ಣೆಯ ಸಂತತಿ ಇದೇ. ೧೯೮೯ರಲ್ಲಿ ಈ ಬಳೆಯನ್ನು ದಾತೃ ಬಳೆಯೊಂದರ ಸುತ್ತ ಮುಚ್ಚಿ ಪಡೆದ ಕೆಟಿನೇನಿನ ಇಳುವರಿ ನೂರಕ್ಕೆ ೭೦. ೧೯೯೧ರಲ್ಲಿ ಅದೇ ಬಳೆ ಒಂದು ದಾರದ ಮೇಲಿನ ಎರಡು ನಿಲ್ದಾಣಗಳ ನಡುವೆ ಮಗ್ಗದ ಲಾಳಿಯಂತೆ ಹೋಗಿಬರುವುದನ್ನು ಅವರು ತೋರಿಸಿದರು. ಪೆಟ್ಟಿಗೆಯೊಳಗಿನ ದಾತೃ ಬದಲಾದರೆ ಬಣ್ಣವೂ ಬದಲಾಗುತ್ತದೆ: ನ್ಯಾಫ್ತಲೀನ್ ಜಾತಿಯದಾದರೆ ಊದಾ, ಗಂಧಕಯುಕ್ತವಾದ ಟೆಟ್ರಾಥಯಾಫಲ್ವಲೀನ್ ಆದರೆ ಪಚ್ಚೆಹಸುರು. ಬಳೆ ಯಾವ ನಿಲ್ದಾಣದಲ್ಲಿದೆಯೆಂಬುದನ್ನು ಕಣ್ಣೇ ಹೇಳಬಲ್ಲುದು. ಸೊವಾಜ್, ಸ್ಟಾಡರ್ಟ್, ಫೆರಿಂಗ ಈ ಮೂವರಿಗೆ ೨೦೧೬ರ ನೊಬೆಲ್ ಪಾರಿತೋಷಕ ಸಂದಿತು. ಸ್ಟಾಡರ್ಟ್ ಅವರು ೨೦೨೪ರಲ್ಲಿ ತೀರಿಕೊಂಡರು.

ದಾತೃ-ಗ್ರಾಹಿಗಳ ಈ ಸೆಳೆತವನ್ನು ಬೆಂಗಳೂರಿನಲ್ಲಿಯೂ ದುಡಿಸಿಕೊಂಡಿರುವರು. ಭಾರತೀಯ ವಿಜ್ಞಾನ ಮಂದಿರದಲ್ಲಿ ಎಸ್. ರಾಮಕೃಷ್ಣನ್ ಅವರ ತಂಡ ೨೦೦೪ರಲ್ಲಿ ಉದ್ದವಾದ ಒಂದು ಪಾಲಿಮರಿನ ಮೇಲೆ ದಾತೃವನ್ನೂ ಗ್ರಾಹಿಯನ್ನೂ ಸರದಿಯಾಗಿ ಇರಿಸಿ, ಲೋಹದ ಅಯಾನಿನ ನೆರವಿನಿಂದ ಅದು ಮಡಿಕೆ ಮಡಿಕೆಯಾಗಿ ಮಡಿಯುವುದನ್ನು ವರದಿಮಾಡಿತು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಸುಬಿ ಜಾರ್ಜ್ ಅವರೂ ಸಹೋದ್ಯೋಗಿಗಳೂ ೨೦೧೦ರಲ್ಲಿ ಕೊರೊನೀನ್ ಎಂಬ ಚಪ್ಪಟೆ ವರ್ಣದ್ರವ್ಯದ ಲವಣವನ್ನು ವಯೊಲೊಜೆನ್ನಿನೊಡನೆ ನೀರಿನಲ್ಲಿ ಸೇರಿಸಿ, ಅವು ಒಂದರಮೇಲೊಂದು ಪೇರಿಕೊಂಡು ನೂಲಿನಂತೆ ಬೆಳೆಯುವುದನ್ನು ಕಂಡರು. ಇವು ಕೊಂಡಿಗೂಡಿದ ಅಣುಗಳಲ್ಲ; ಒಂದರಲ್ಲಿರುವುದು ಮಡಿಕೆ, ಇನ್ನೊಂದರಲ್ಲಿರುವುದು ಪೇರಿಕೆ. ಇವುಗಳನ್ನು ಕೆಟಿನೇನುಗಳ ಸಾಲಿಗೆ ಸೇರಿಸುವ ಉತ್ಸಾಹ ತರಗತಿಗಳಲ್ಲಿ ಬೇಡ. ಆದರೆ ಮೂರರ ಹಿಂದೆಯೂ ಇರುವ ಬಲ ಒಂದೇ, ಮೂರನ್ನೂ ಕಣ್ಣಿಗೆ ತಿಳಿಸುವ ಬಣ್ಣದ ಕಾರಣವೂ ಒಂದೇ.

ಇಲ್ಲಿಯವರೆಗೆ ಬಣ್ಣವು ಕೊಂಡಿಯನ್ನು ಕಟ್ಟುವುದಕ್ಕೆ ನೆರವಾದುದನ್ನು ನೋಡಿದೆವು. ಕೊಂಡಿಯು ಬಣ್ಣವನ್ನು ಕಾಪಾಡುವ ವಿಚಾರ ಇನ್ನು ಮುಂದಿನದು. ಸ್ಕ್ವರೇನ್ ಎಂಬ ವರ್ಣದ್ರವ್ಯಗಳನ್ನು ೧೯೬೫ರಲ್ಲಿ ಟ್ರೈಬ್ಸ್ ಮತ್ತು ಜೇಕಬ್ ವರ್ಣಿಸಿದರು. ನೆರೆಯ ಕೇರಳದ ತಿರುವನಂತಪುರದಲ್ಲಿ ಅಜಯಘೋಷ್ ಅವರ ಪ್ರಯೋಗಾಲಯದಲ್ಲಿಯೂ ಅವುಗಳ ಅಧ್ಯಯನ ನಡೆದಿದೆ. ಕೆಂಪು ಮತ್ತು ಅವಕೆಂಪುಗಳ ಗಡಿಯಲ್ಲಿ ಬೆಳಕನ್ನು ಹೀರಿ ಪ್ರಖರವಾಗಿ ಹೊಳೆಯುವ ಈ ದ್ರವ್ಯಗಳು ಜೀವಕೋಶಗಳನ್ನು ಗುರುತಿಸುವುದಕ್ಕೆ ಯೋಗ್ಯವಾದವು. ಆದರೆ ಅಣುವಿನ ನಡುವಿನ ನಾಲ್ಕು ಇಂಗಾಲಗಳ ಚೌಕದಲ್ಲಿ ಇಲೆಕ್ಟ್ರಾನುಗಳ ಕೊರತೆಯಿರುವುದರಿಂದ, ಜೀವದ್ರವ್ಯದಲ್ಲಿ ಹೇರಳವಾಗಿರುವ ಗಂಧಕಯುಕ್ತ ಅಣುಗಳು ಅಲ್ಲಿಗೇ ನುಗ್ಗಿ ಬಣ್ಣವನ್ನು ಕೆಡಿಸುವುವು. ೨೦೦೫ರಲ್ಲಿ ಅಮೆರಿಕದ ನಾಟ್ರ ಡೇಮ್ ವಿಶ್ವವಿದ್ಯಾನಿಲಯದ ಬ್ರಾಡ್ಲಿ ಸ್ಮಿತ್ ಅವರ ತಂಡ, ಈ ಚೌಕದ ಆಮ್ಲಜನಕ ಪರಮಾಣುಗಳನ್ನು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುವ ಅಮೈಡ್ ಬಳೆಯೊಂದನ್ನು ವರ್ಣದ್ರವ್ಯದ ಸುತ್ತಲೇ ಹೆಣೆಯಿತು. ಬಳೆಯ ಗೋಡೆಗಳು ಚೌಕದ ಎರಡು ಮುಖಗಳನ್ನೂ ಮರೆಮಾಡಿದುವು. ದಾಳಿಯಿಡುವ ಅಣುವಿಗೆ ಹತ್ತಿರ ಸುಳಿಯಲು ಎಡೆ ಉಳಿಯಲಿಲ್ಲ. ಬಣ್ಣ ಬಾಳಿತು.

ಬಟ್ಟೆಯ ಬಣ್ಣದ ವಿಷಯದಲ್ಲಿ ಇದಕ್ಕೂ ಮೊದಲೇ ಒಂದು ಪ್ರಯತ್ನ ನಡೆದಿತ್ತು. ಈ ಲೇಖನಕ್ಕೆ ಮುಖ್ಯವಾದುದು ಅದೇ. ಅಜೋ ವರ್ಣದ್ರವ್ಯಗಳ ಬೀಜವಿರುವುದು ೧೮೫೮ರಲ್ಲಿ ಗ್ರೀಸ್ ಎಂಬವನು ಕಂಡುಹಿಡಿದ ಡೈಅಜೋ ಲವಣಗಳಲ್ಲಿ. ಈ ಲವಣವನ್ನು ನ್ಯಾಫ್ತಾಲ್ ಮೊದಲಾದ ದ್ರವ್ಯಗಳೊಡನೆ ಕೂಡಿಸುವುದನ್ನು ಪದವಿ ತರಗತಿಯ ವಿದ್ಯಾರ್ಥಿಗಳೆಲ್ಲ ಮಾಡಿರುವರು. ಇನ್ನು ಬಳೆ. ಪಿಷ್ಟದಿಂದ ಕೆಲವು ಸೂಕ್ಷ್ಮಜೀವಿಗಳು ತಯಾರಿಸುವ ಸೈಕ್ಲೋಡೆಕ್ಸ್ಟ್ರಿನನ್ನು ವಿಲಿಯೆರ್ ೧೮೯೧ರಲ್ಲಿ ಕಂಡನು, ಶಾರ್ಡಿಂಜರ್ ೧೯೦೩ರಲ್ಲಿ ವಿವರಿಸಿದನು. ಆರು, ಏಳು ಅಥವಾ ಎಂಟು ಗ್ಲೂಕೋಸ್ ಘಟಕಗಳು ಸುತ್ತುಗಟ್ಟಿ ನಿಂತು, ತಳವಿಲ್ಲದ ಬಟ್ಟಲಿನಂತೆ ತೋರುತ್ತವೆ. ಬಟ್ಟಲಿನ ಹೊರಮೈ ನೀರಿಗೆ ಒಲಿಯುತ್ತದೆ, ಒಳಮೈ ಒಲಿಯುವುದಿಲ್ಲ. ವರ್ಣದ್ರವ್ಯದ ಚಪ್ಪಟೆಯಾದ ಬೆಂಜೀನ್ ಭಾಗಗಳೂ ನೀರಿಗೆ ಒಲಿಯದವೇ. ಆದುದರಿಂದ ನೀರಿನಲ್ಲಿ ಅವು ತಾವಾಗಿಯೇ ಬಟ್ಟಲನ್ನು ಹೊಗುತ್ತವೆ. ಈ ಬಳೆಯ ಮೊದಲ ರೊಟಾಕ್ಸೇನನ್ನು ೧೯೮೧ರಲ್ಲಿ ಜಪಾನಿನ ಒಗಿನೊ ಕೋಬಾಲ್ಟ್ ಸಂಯುಕ್ತಗಳನ್ನು ಕಡಾಣಿಯಾಗಿಟ್ಟು ಸಿದ್ಧಪಡಿಸಿದ್ದರು. ೧೯೯೦ರ ದಶಕದಲ್ಲಿ ಆಕ್ಸ್‌ಫರ್ಡಿನ ಹ್ಯಾರಿ ಆಂಡರ್ಸನ್ (ಮಡ್ಡಿಯ ಆಂಡರ್ಸನ್ನನು ಬೇರೆ, ಇವರು ಬೇರೆ) ಅಜೋ ವರ್ಣದ್ರವ್ಯಗಳನ್ನೇ ದಾರವಾಗಿ ಉಳ್ಳ ರೊಟಾಕ್ಸೇನುಗಳನ್ನು ಕಟ್ಟಿದರು. ದಾರಕ್ಕೂ ಕಡಾಣಿಗೂ ನಡುವೆ ಅವರು ಹಾಕಿದ ಬೆಸುಗೆ ಬಣ್ಣದ ಕಾರ್ಖಾನೆಯ ಹಳೆಯ ಡೈಅಜೋ ಜೋಡಣೆಯೇ.

ಇಲ್ಲಿ ಒಂದು ವಿವೇಚನೆ ಅವಶ್ಯಕ. ಬಣ್ಣ ನಿಲ್ಲುವುದೆಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಸೇರಿಸಿ ಹೇಳುತ್ತೇವೆ. ಬಣ್ಣದ ಅಣು ನೂಲನ್ನು ಬಿಟ್ಟು ನೀರಿಗೆ ಹೋಗದಿರುವುದು ಒಂದು; ನೂಲಿನಲ್ಲಿಯೇ ಇದ್ದು ಬಿಸಿಲಿಗೋ ಚಲುವೆಯ ಪುಡಿಗೋ ಮುರಿದು ಹೋಗದಿರುವುದು ಇನ್ನೊಂದು. ಮೊದಲನೆಯ ಸಮಸ್ಯೆಯನ್ನು ಪಟಿಕವೂ ನೀಲಿಯ ಬಾನಿಯೂ ತಮ್ಮ ತಮ್ಮ ರೀತಿಯಲ್ಲಿ ಬಿಡಿಸಿದ್ದುವು, ೧೯೫೬ರಲ್ಲಿ ಐ.ಸಿ.ಐ. ಕಂಪನಿ ಮಾರುಕಟ್ಟೆಗೆ ತಂದ, ಹತ್ತಿಯ ಸೆಲ್ಯುಲೋಸಿಗೆ ನೇರವಾಗಿ ರಾಸಾಯನಿಕ ಬಂಧವನ್ನು ಹಾಕಿಕೊಳ್ಳುವ ‘ಪ್ರೊಸಿಯಾನ್’ ಬಣ್ಣಗಳು ಅದನ್ನು ಬಹುಮಟ್ಟಿಗೆ ಮುಗಿಸಿದುವು. ಎರಡನೆಯದು ಹಾಗೆಯೇ ಉಳಿಯಿತು. ನೂಲಿಗೆ ಎಷ್ಟೇ ಬಿಗಿಯಾಗಿ ಕಟ್ಟಿದರೂ ಅಣುವಿನ ಮೈ ಬಯಲಿಗೆ ತೆರೆದೇ ಇರುತ್ತದೆ. ೨೦೦೧ರಲ್ಲಿ ಆಂಡರ್ಸನ್ನರ ತಂಡ ಒಂದು ಅಜೋ ವರ್ಣದ್ರವ್ಯವನ್ನು ಸೈಕ್ಲೋಡೆಕ್ಸ್ಟ್ರಿನ್ ಬಳೆಯಲ್ಲಿ ಪೋಣಿಸಿ, ಸೆಲ್ಯುಲೋಸಿಗೆ ಬಂಧಿಸಿ, ಬಳೆಯಿಲ್ಲದ ಅದೇ ವರ್ಣದ್ರವ್ಯದೊಡನೆ ಹೋಲಿಸಿತು. ದ್ರಾವಣದಲ್ಲಿಯೂ ಸೆಲ್ಯುಲೋಸಿನ ಮೇಲೆಯೂ ಬಳೆಯೊಳಗಿನ ಬಣ್ಣವೇ ಹೆಚ್ಚು ಬಾಳಿತು. ಕಂಬಳಿಯ ಉಣ್ಣೆಯೆಳೆ ತನ್ನ ಕಪ್ಪಿಗೆ ಮಾಡುವ ರಕ್ಷಣೆಯನ್ನು ಇಲ್ಲಿ ಒಂದೊಂದು ಅಣುವಿಗೂ ಪ್ರತ್ಯೇಕವಾಗಿ ಮಾಡಿದಂತಾಯಿತು. ಬಳೆಯೂ ನೂಲೂ ಎರಡೂ ಗ್ಲೂಕೋಸಿನಿಂದ ಆದುವೆಂಬುದು ಸ್ವಾರಸ್ಯಕರವಾದ ಸಂಗತಿ.

ಇದು ನೇಕಾರನ ಮನೆಗೆ ಬರುವ ಸರಕೆಂದು ಯಾರೂ ಭ್ರಮಿಸಬೇಕಾಗಿಲ್ಲ. ಒಂದು ಬಣ್ಣದ ಅಣುವಿಗೆ ಅದಕ್ಕಿಂತ ತೂಕವಾದ ಬಳೆಯೊಂದನ್ನು ತೊಡಿಸುವ ಖರ್ಚನ್ನು ಸೀರೆಯ ಬೆಲೆ ತಾಳಲಾರದು. ಖರ್ಚಿಗಿಂತ ಗಂಭೀರವಾದ ಇನ್ನೊಂದು ಆಕ್ಷೇಪವೂ ಉಂಟು. ಬಣ್ಣದ ಕಾರ್ಖಾನೆಯ ಕೊಚ್ಚೆನೀರಿನಲ್ಲಿ ಅಜೋ ಬಂಧವನ್ನು ಬ್ಯಾಕ್ಟೀರಿಯಗಳು ಅಪಕರ್ಷಣದಿಂದ ಮುರಿಯುತ್ತವೆ. ಕೆಲವು ಬಣ್ಣಗಳಿಂದ ಹಾಗೆ ಹೊರಬೀಳುವ ಬೆಂಜಿಡೀನ್ ಮೊದಲಾದ ಅಮೈನುಗಳು ಏಡಿಗಂತಿಯನ್ನುಂಟುಮಾಡುವುವಾದುದರಿಂದ ಅಂಥ ಅಜೋ ಬಣ್ಣಗಳನ್ನು ಭಾರತ ಸರ್ಕಾರ ೧೯೯೭ರಲ್ಲಿ ನಿಷೇಧಿಸಿತು. ಉಳಿದ ಬಣ್ಣಗಳ ವಿಷಯದಲ್ಲಿ ಈ ಮುರಿಯುವಿಕೆಯೇ ನೀರು ತಿಳಿಯಾಗುವ ಮೊದಲ ಹೆಜ್ಜೆ. ಅಪಕರ್ಷಣಕ್ಕೆ ಬಗ್ಗದ ಬಣ್ಣವೊಂದನ್ನು ಮಾಡಿದರೆ, ಸೀರೆಯಲ್ಲಿ ಗುಣವಾಗಿದ್ದುದು ಕೆರೆಯ ನೀರಿನಲ್ಲಿ ದೋಷವಾಗುತ್ತದೆ. ಮಳೆ ಕಡಿಮೆಯಾಗಿ ಕೆರೆಯನ್ನೇ ನಂಬಿರುವ ಮಧುಗಿರಿ, ಪಾವಗಡಗಳಂಥ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಸೈಕ್ಲೋಡೆಕ್ಸ್ಟ್ರಿನ್ ಪಿಷ್ಟದ ಮಗಳು. ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಕತ್ತರಿಸುವ ಕಿಣ್ವಗಳನ್ನು ಹೊಂದಿವೆ. ಒಗೆತಕ್ಕೂ ಚಲುವೆಗೂ ಬಿಚ್ಚದ ಬಳೆಯನ್ನು ಕೆರೆಯ ಅಂಗಳದ ಮಣ್ಣು ಬಿಚ್ಚಬಹುದು. ಬಳೆ ಕಡಿದು ಬಿದ್ದೊಡನೆ ದಾರವು ಸಾಮಾನ್ಯ ಅಜೋ ಬಣ್ಣದಂತೆಯೇ ಮುರಿಯತಕ್ಕದ್ದು. ಬಳೆಯೊಳಗಿನ ದಾರ ಕಿಣ್ವಕ್ಕೆ ಎಷ್ಟು ಅಡ್ಡಿಯಾಗುತ್ತದೆಂಬುದನ್ನು ಅಳೆಯಲು ದೊಡ್ಡ ಉಪಕರಣಗಳು ಬೇಡ. ಬಳೆ ತೊಟ್ಟ ಬಣ್ಣ ಒಂದು ಚಿಟಿಕೆ, ಬಳೆಯಿಲ್ಲದ ಅದೇ ಬಣ್ಣ ಒಂದು ಚಿಟಿಕೆ, ಕೆರೆಯ ಮಣ್ಣಿನ ತಿಳಿ, ಮತ್ತು ಕಾಲೇಜಿನ ಪ್ರಯೋಗಶಾಲೆಯಲ್ಲಿರುವ ವರ್ಣಮಾಪಕ ಸಾಕು.